ಕೆಮ್ಮಣ್ಣುಗುಂಡಿ

ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಗಿರಿಧಾಮ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯಲು ಆರಿಸಿಕೊಂಡ ತಾಣವಾದ್ದರಿಂದ ಕೃಷ್ಣರಾಜೇಂದ್ರ ಗಿರಿಧಾಮ ಎಂದೂ ಹೆಸರು. ಮುಂದೆ ತೋಟಗಾರಿಕೆ ಇಲಾಖೆಗೆ ಸೇರಿತು. ಹೋಲಿಸಿ ನೋಡಿದರೆ, ಆಲ್ಪ್ಸ್‌ನ ಗಿರಿಧಾಮ ಸೇಂಟ್ ಮೊರಿಟ್ಜ್ ಖನಿಜಜಲದ ಚಿಲುಮೆ, ಹಿಮದಾಟಗಳನ್ನು ನೆಚ್ಚಿದ ಖಾಸಗಿ ಹೋಟೆಲುಗಳಿಂದ ಬೆಳೆಯಿತು. ಕೆಮ್ಮಣ್ಣುಗುಂಡಿಯಲ್ಲಿರುವುದು ಸರ್ಕಾರಿ ಅತಿಥಿಗೃಹಗಳು, ಗುಲಾಬಿ ತೋಟ, ಮಂಜು. ಐಷಾರಾಮ ಹುಡುಕಿ ಬಂದವರಿಗೆ ತುಸು ನಿರಾಸೆಯೇ. ಹೆಸರಿಗೆ ತಕ್ಕ ಕೆಂಪು ಮಣ್ಣು ಬರಿಯ ನೋಟಕ್ಕಲ್ಲ: ಇಲ್ಲಿನ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಸಾಗುತ್ತಿತ್ತು. ಝಡ್ ಪಾಯಿಂಟ್ ಎಂಬ ವೀಕ್ಷಣಾ ತಾಣ, ಶಾಂತಿ ಮತ್ತು ಹೆಬ್ಬೆ ಜಲಪಾತಗಳು ಸಮೀಪದಲ್ಲಿವೆ. ಕರ್ಜಗಿ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ರೈಲಿನಲ್ಲಿ ಬರುವವರು ಬೀರೂರಿನಲ್ಲಿ ಇಳಿದು ಬೆಟ್ಟದ ರಸ್ತೆ ಹಿಡಿಯಬಹುದು.