ಪದಶೋಧ (ಇಂಗ್ಲಿಷ್)
ಕೊಟ್ಟ ಅಕ್ಷರಗಳನ್ನು ಹಿಂದುಮುಂದು ಮಾಡಿ ಅವುಗಳಲ್ಲಿ ಅಡಗಿರುವ ಇಂಗ್ಲಿಷ್ ಪದಗಳನ್ನು ಹುಡುಕುವ ಕ್ರಮ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಜೀವಾಳವೇ ಇದು. ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ಆ ಆಟವನ್ನು ರೂಪಿಸಿದರು. ಅದರ 100 ಬಿಲ್ಲೆಗಳಲ್ಲಿ ‘ಇ’ ಒಂದೇ 12. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಟ್ಟಿಗೆ ಇಳಿಸಿದವರಿಗೆ 50 ಅಂಕ ಹೆಚ್ಚುವರಿ.

ಹುಡುಕಾಟದ ಕೀಲಿ ಬಲು ಸೊಗಸಾದದ್ದು: ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ತರುವುದು. ಲಿಸನ್, ಸೈಲೆಂಟ್, ಟಿನ್ಸೆಲ್ ಮೂರೂ ಆಗ ಇ-ಐ-ಎಲ್-ಎನ್-ಎಸ್-ಟಿ ಎಂದೇ ನಿಲ್ಲುತ್ತವೆ. ಕಿವಿಗೆ ನಂಟೇ ತೋರದ ಇವು ಸ್ಪೆಲಿಂಗಿನಲ್ಲಿ ಒಡಹುಟ್ಟಿದವು. ಲಿಸನ್‌ನ ‘ಟಿ’ಯಂತೂ ಬಾಯಿಗೆ ಬರುವುದೇ ಇಲ್ಲ. ನುಡಿದಂತೆ ಬರೆಯುವ ಕನ್ನಡಿಗರು ಇಲ್ಲಿ ಕಿವಿಯನ್ನು ಬಿಟ್ಟು ಕಣ್ಣನ್ನೇ ನಂಬಬೇಕು. ನಿಘಂಟಿನ ಪ್ರತಿ ಪದಕ್ಕೂ ಇಂಥ ಕೀಲಿಯನ್ನು ಮೊದಲೇ ಕಟ್ಟಿಟ್ಟರೆ ಕಂಪ್ಯೂಟರ್ ಕ್ಷಣದಲ್ಲಿ ಉತ್ತರ ಕೊಡುತ್ತದೆ.