ನಾಟಕ ಮುಗಿದ ಮರುದಿನ

ಟಾಗೋರರ ಕಥೆಯೊಂದನ್ನು ಆಧರಿಸಿ ಬಿ.ವಿ. ಕಾರಂತರು ಮಕ್ಕಳಿಗಾಗಿ ಕಟ್ಟಿದ ‘ಪಂಜರ ಶಾಲೆ’ಯಲ್ಲಿ ಗಿಳಿಗೆ ವಿದ್ಯೆ ಕಲಿಸಲು ಹೊರಟವರು ಅದರ ಬಾಯಿಗೆ ಪುಸ್ತಕದ ಹಾಳೆ ತುರುಕುತ್ತಾರೆ. ಅಂಥ ನಾಟಕ ನೋಡಿ ಬಂದ ಮಕ್ಕಳಿಗೂ ಮರುದಿನ ಕರಿಹಲಗೆಯ ಮೇಲೆ ಕಾದಿರುವುದು ಅದೇ ಹಳೆಯ ಪ್ರಶ್ನೆ: ‘ಈ ನಾಟಕದ ನೀತಿಯೇನು? ಹತ್ತು ವಾಕ್ಯಗಳಲ್ಲಿ ಬರೆಯಿರಿ.’ ನಾಟಕ ನೋಡಿದ ಮೇಲೆ ತರಗತಿಯಲ್ಲಿ ಏನು ಮಾಡಬೇಕು ಎಂಬುದಕ್ಕೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ನನ್ನ ಕಣ್ಣಿಗೆ ಅದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಯತ್ನಗಳ ಚರಿತ್ರೆ.

ಮೊದಲ ಗಟ್ಟಿ ಪ್ರಯೋಗ ನಡೆದದ್ದು ಶಾಲೆಯಲ್ಲಲ್ಲ, ರಂಗಮಂದಿರದಲ್ಲಿ. 1922ರಲ್ಲಿ ಅಲೆಕ್ಸಾಂಡರ್ ಬ್ರ್ಯಾಂತ್ಸೆವ್ ರಷ್ಯಾದ ಪೆತ್ರೋಗ್ರಾದ್‌ನಲ್ಲಿ ಎಳೆಯ ಪ್ರೇಕ್ಷಕರಿಗೆಂದೇ ಒಂದು ರಂಗಮಂದಿರ ತೆರೆದರು. ಅಲ್ಲಿ ಶಿಕ್ಷಣತಜ್ಞರದೇ ಒಂದು ವಿಭಾಗವಿತ್ತು. ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಮಿಸುಕಾಡಿದರು ಎಂದು ಅವರು ಗಮನಿಸುತ್ತಿದ್ದರು. ಮಕ್ಕಳ ಚಿತ್ರಗಳನ್ನೂ ಪತ್ರಗಳನ್ನೂ ಕೂಡಿಡುತ್ತಿದ್ದರು. ಶಾಲೆಗಳಿಂದ ಬಂದ ಮಕ್ಕಳ ಪ್ರತಿನಿಧಿಗಳ ಸಭೆಯೂ ನಡೆಯುತ್ತಿತ್ತು. ಅಂದರೆ ಅಲ್ಲಿ ಪರೀಕ್ಷೆಗೆ ಕೂತದ್ದು ಮಗುವಲ್ಲ, ನಾಟಕ. ಮುಂದೆ ಬಂದ ಎಷ್ಟೋ ಕೈಪಿಡಿಗಳು ಇದನ್ನು ಮರೆತೇಬಿಟ್ಟವು.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಶಾಲಾ ಶಿಕ್ಷಕಿ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್‌ರಿಂದ ಹಿಡಿದು 1954ರಲ್ಲಿ ‘ಚೈಲ್ಡ್ ಡ್ರಾಮಾ’ ಬರೆದ ಪೀಟರ್ ಸ್ಲೇಡ್‌ವರೆಗೆ ಎಲ್ಲರ ಆಸಕ್ತಿಯೂ ಮಕ್ಕಳು ತಾವೇ ಆಡುವುದರಲ್ಲಿತ್ತು. ನೋಡುವುದಕ್ಕೆ ಎರಡನೆಯ ಸ್ಥಾನ. ಎರಡನ್ನೂ ಬೆಸೆದದ್ದು ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್. 1965ರಲ್ಲಿ ಅಲ್ಲಿಂದ ಹೊರಟ ತಂಡದಲ್ಲಿದ್ದವರು ನಟರೂ ಹೌದು, ಶಿಕ್ಷಕರೂ ಹೌದು. ಅವರು ಶಾಲೆಗೇ ಬಂದು ಆಡುತ್ತಿದ್ದರು. ಆಟದ ಹಿಂದೆ ಮುಂದೆ ತರಗತಿಯ ಕೆಲಸ ಇರುತ್ತಿತ್ತು, ಶಿಕ್ಷಕರಿಗೆ ಟಿಪ್ಪಣಿಗಳು ಸಿಗುತ್ತಿದ್ದವು. ಇದು ಇತರ ಊರುಗಳಿಗೂ ಬೇಗ ಹಬ್ಬಿತು. ಆದರೆ 1980ರ ದಶಕದಲ್ಲಿ ಸ್ಥಳೀಯ ಆಡಳಿತಗಳ ಹಣಕ್ಕೆ ಕತ್ತರಿ ಬಿತ್ತು. 1988ರ ಶಿಕ್ಷಣ ಕಾಯ್ದೆ ಬಜೆಟ್ಟನ್ನು ಶಾಲೆಗಳ ಕೈಗೇ ಕೊಟ್ಟಿತು. ಒಂದೊಂದಾಗಿ ತಂಡಗಳು ಮುಚ್ಚಿದವು. ನಟರು ಬಂದು ಮಾಡುತ್ತಿದ್ದ ಕೆಲಸ ಹಲವೆಡೆ ಜೆರಾಕ್ಸ್ ಹಾಳೆಗಳಿಗೆ ಇಳಿಯಿತು.

ಬರ್ಲಿನ್ನಿನ ಮಕ್ಕಳ ರಂಗತಂಡ ಗ್ರಿಪ್ಸ್ ಥಿಯೇಟರ್ ಹಾಳೆಯನ್ನೇ ಗಂಭೀರವಾಗಿ ತೆಗೆದುಕೊಂಡಿತು. ತನ್ನ ನಾಟಕಗಳ ಜೊತೆ ಶಿಕ್ಷಕರಿಗಾಗಿ ಪುಸ್ತಿಕೆಗಳನ್ನು ತಂದಿತು. ಮನೆ, ಬೀದಿ, ಶಾಲೆಗಳಲ್ಲಿ ಮಕ್ಕಳು ಅನುಭವಿಸುವ ಜಗಳಗಳೇ ಅವರ ನಾಟಕಗಳ ವಸ್ತುವಾದ್ದರಿಂದ, ತರಗತಿಯ ಚರ್ಚೆ ತಾನಾಗಿ ಮಕ್ಕಳ ಬದುಕಿನತ್ತ ಹೊರಳುತ್ತಿತ್ತು. ಈ ಬಗೆಯ ನಾಟಕವನ್ನು 1986ರಲ್ಲಿ ಪುಣೆಗೆ ತಂದವರು ನಟ ಮೋಹನ್ ಆಗಾಶೆ.

ಇಂದು ಬಳಕೆಯಲ್ಲಿರುವ ಚಟುವಟಿಕೆಗಳು ಬಹುಪಾಲು ಬಂದದ್ದು ಇಂಗ್ಲೆಂಡಿನ ನಾಟಕ ಶಿಕ್ಷಕರಾದ ಡೊರೊಥಿ ಹೀತ್‌ಕೋಟ್ ಮತ್ತು ಗ್ಯಾವಿನ್ ಬೋಲ್ಟನ್ ಬೆಳೆಸಿದ ಪರಂಪರೆಯಿಂದ. ಪಾತ್ರವಾಗಿ ಕುರ್ಚಿಯಲ್ಲಿ ಕೂತು ಪ್ರಶ್ನೆಗೆ ಉತ್ತರಿಸುವುದು, ದೃಶ್ಯವೊಂದನ್ನು ಕಲ್ಲಾಗಿ ನಿಲ್ಲಿಸಿ ಪ್ರತಿಯೊಬ್ಬರ ಮನಸ್ಸಿನ ಮಾತನ್ನು ಜೋರಾಗಿ ಹೇಳಿಸುವುದು, ಪಾತ್ರದ ಕೈಯಿಂದ ಪತ್ರ ಬರೆಸುವುದು ಇತ್ಯಾದಿ. 1990ರಲ್ಲಿ ಜೊನಾಥನ್ ನೀಲ್ಯಾಂಡ್ಸ್ ಇವನ್ನೆಲ್ಲ ಒಂದು ಕೈಪಿಡಿಯಲ್ಲಿ ಜೋಡಿಸಿಟ್ಟರು. ಬ್ರೆಜಿಲ್‌ನ ಆಗಸ್ಟೋ ಬೋಆಲ್ ಇನ್ನೂ ಮುಂದೆ ಹೋಗಿ, ನೋಡುವವನೇ ಎದ್ದು ಬಂದು ಕಥೆಯ ದಿಕ್ಕು ಬದಲಿಸಬಹುದು ಎಂದರು. ಮೇಷ್ಟ್ರುಗಳಿಗೆ ಇವೆಲ್ಲ ಭಾರಿ ಹಿಡಿಸಿದವು, ನನಗೂ ಹಿಡಿಸುತ್ತವೆ. ತೊಡಕೂ ಇದೆ: ಇವುಗಳಲ್ಲಿ ಹೆಚ್ಚಿನವನ್ನು ನಾಟಕ ನೋಡದೆ, ಕಥೆ ಓದಿಯೂ ಮಾಡಬಹುದು. ರಂಗದ ಬೆಳಕು, ಮೈಯ ಚಲನೆ, ಮೌನ, ತಾಳ ಎಲ್ಲಿ ಹೋದವು?

ಈ ಕೊರತೆ ತುಂಬಿದವರು ಸಂಶೋಧಕರು. ಸ್ಟಾಕ್‌ಹೋಮ್‌ನ ವಿಲ್ಮಾರ್ ಸೌಟರ್ 1980ರ ದಶಕದಲ್ಲಿ ಸಣ್ಣ ಗುಂಪುಗಳನ್ನು ನಾಟಕದ ನಂತರ ಕೂರಿಸಿ ಮಾತಾಡಲು ಬಿಟ್ಟರು. ನಡೆಸುವವರು ಪ್ರಶ್ನೆ ಹಾಕಿ ದಾರಿ ತೋರಿಸುವಂತಿರಲಿಲ್ಲ. ಮ್ಯಾಥ್ಯೂ ರೀಸನ್ ಸ್ಕಾಟ್ಲೆಂಡಿನಲ್ಲಿ ಮಕ್ಕಳ ಕೈಗೆ ಬಣ್ಣ ಕೊಟ್ಟರು. 2010ರ ಅವರ ಪುಸ್ತಕದಲ್ಲಿ ಹೆಬ್ಬಾತಿನ ಗೊಂಬೆಯಿದ್ದ ‘ಮಾರ್ಥಾ’ ನಾಟಕದ ಪ್ರಸಂಗವಿದೆ. ಗೊಂಬೆಗೆ ಜೀವವಿಲ್ಲ, ಆಡಿಸುವವರು ಪಕ್ಕದಲ್ಲೇ ಇದ್ದಾರೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೂ ಅದು ಅವರಿಗೆ ನಿಜದ ಹೆಬ್ಬಾತು. ಚಿತ್ರ ಬಿಡಿಸುತ್ತ ಮಾತಿಗಿಳಿದಾಗ ಈ ಎರಡೂ ಹೊರಬಂದವು. ಹತ್ತು ವಾಕ್ಯಗಳ ಪ್ರಬಂಧದಲ್ಲಿ ಇದಕ್ಕೆಲ್ಲಿ ಜಾಗ? 2014ರ ಸುಮಾರಿಗೆ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಲಾಟರಿ ಎತ್ತಿ ಕೆಲವು ಶಾಲಾ ಗುಂಪುಗಳನ್ನು ‘ಹ್ಯಾಮ್ಲೆಟ್’ ಮತ್ತು ‘ಎ ಕ್ರಿಸ್‌ಮಸ್ ಕ್ಯಾರೊಲ್’ ನಾಟಕಗಳಿಗೆ ಕಳಿಸಿದರು. ಹೋಗದವರಿಗಿಂತ ನೋಡಿ ಬಂದವರಿಗೆ ಕಥೆ, ಪದಗಳು ಹೆಚ್ಚು ಗೊತ್ತಿದ್ದವು. ಈ ಬಗೆಯ ಅಂಕಿಅಂಶ ಸರ್ಕಾರಗಳನ್ನು ಒಪ್ಪಿಸಲು ಬೇಕು. ಮರುದಿನ ಏನು ಮಾಡಬೇಕೆಂದು ಮೇಷ್ಟ್ರಿಗೆ ತಿಳಿಸಲು ಹೆಬ್ಬಾತಿನ ಚಿತ್ರವೇ ಮೇಲು.

ನಮ್ಮಲ್ಲಿ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಶಿಕ್ಷಣರಂಗದ ತಂಡ ಕಟ್ಟಿತು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಂಗಭೂಮಿಗೆ ಶಾಲೆಯಲ್ಲಿ ಜಾಗ ಕೇಳಿತು. ಕರ್ನಾಟಕದ ಕೆಲವು ಸರ್ಕಾರಿ ಶಾಲೆಗಳಿಗೆ ನಾಟಕ ಶಿಕ್ಷಕರೂ ಬಂದರು. ನೋಡಿದ್ದನ್ನು ಕುರಿತು ಮಾತಾಡುವ ಅತ್ಯುತ್ತಮ ಮಾದರಿ ಮಾತ್ರ ನಮಗೆ ಸಿಕ್ಕಿದ್ದು ಹೆಗ್ಗೋಡಿನಲ್ಲಿ: ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ಸಂಜೆ ನಾಟಕ, ಮಾರನೆಯ ಬೆಳಗ್ಗೆ ಅದರ ಮೇಲೆ ಚರ್ಚೆ. ಅದು ದೊಡ್ಡವರ ಕೂಟ, ನಿಜ. ಆದರೆ ನಡುವೆ ಒಂದು ರಾತ್ರಿ ಕಳೆಯಲು ಬಿಡುವ ಜಾಣತನ ಐದನೇ ಇಯತ್ತೆಗೂ ಸಲ್ಲುತ್ತದೆ.

1985ರಿಂದ ನಡೆಯುತ್ತಿರುವ ನೀನಾಸಮ್ ತಿರುಗಾಟದಂಥ ಸಂಚಾರಿ ತಂಡ ಆಟ ಮುಗಿಸಿ ಸಾಮಾನು ಕಟ್ಟಿ ಮುಂದಿನ ಊರಿಗೆ ಹೊರಟುಬಿಡುತ್ತದೆ. ಮರುದಿನ ಕನ್ನಡ ಮೇಷ್ಟ್ರು, ಮಕ್ಕಳು, ಒಂದು ಪಿರಿಯಡ್ ಇಷ್ಟೇ ಉಳಿಯುವುದು. ನೋಡಿದ್ದು ಕುವೆಂಪು ಅವರ ಕಿಂದರಿಜೋಗಿ ಎಂದಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ಬರೀ ನೆನಪು: ಇಲಿಗಳು ಯಾವ ಕಡೆಯಿಂದ ಬಂದವು, ಜೋಗಿ ಹೇಗೆ ನಡೆದ, ಯಾವ ವಾದ್ಯ ಕೇಳಿಸಿತು? ಒಬ್ಬಳು ‘ಎಡಗಡೆಯಿಂದ’ ಎಂದರೆ ಇನ್ನೊಬ್ಬ ‘ಅಲ್ಲ, ನಮ್ಮ ಹಿಂದಿನಿಂದ’ ಎನ್ನುತ್ತಾನೆ. ಆ ಜಗಳವೇ ಪಾಠ. ಆಮೇಲೆ ಒಬ್ಬ ಹುಡುಗ ಊರ ಗೌಡನಾಗಿ ಕುರ್ಚಿಯಲ್ಲಿ ಕೂರಲಿ, ಜೋಗಿಗೆ ಕೊಟ್ಟ ಮಾತಿಗೆ ಯಾಕೆ ತಪ್ಪಿದೆ ಎಂದು ಉಳಿದವರು ಜಗ್ಗಾಡಲಿ. ಜೋಗಿಯ ಹಿಂದೆ ಹೋದ ಮಕ್ಕಳಲ್ಲಿ ಕುಂಟುತ್ತಾ ಹಿಂದುಳಿದ ಹುಡುಗ ಊರಿಗೆ ಮರಳಿ ಬಂದು ಯಾರ ಮನೆ ಬಾಗಿಲು ಮೊದಲು ತಟ್ಟಿದ ಎಂಬುದನ್ನು ಮನೆಯಲ್ಲಿ ಬರೆದು ತರಲಿ. ನೀತಿ ಬೇಕೇಬೇಕೆಂಬ ಮೇಷ್ಟ್ರಿದ್ದರೆ ಅದನ್ನು ಮುಂದಿನ ವಾರ ಕೇಳಿಕೊಳ್ಳಬಹುದು.