ಗಡಿ ದಾಟಿ ಬಂದ ಪಿಟೀಲು ಪಾಠ

ರಾಮನವಮಿಯ ಚಪ್ಪರದಲ್ಲಿ ಹಾಡುವವರ ಪಕ್ಕದಲ್ಲಿ ಕುಳಿತು ಪಿಟೀಲು ನುಡಿಸುವವರನ್ನು ನೀವೆಲ್ಲ ಕಂಡಿದ್ದೀರಿ. ಆ ವಾದ್ಯ ನಮ್ಮ ಅಜ್ಜಂದಿರ ಕಾಲದಿಂದಲೂ ಇಲ್ಲಿಯದೇ ಎಂಬಂತೆ ನಮಗೆ ಒಗ್ಗಿಹೋಗಿದೆ. ಆದರೆ ಅದು ಹಡಗು ಹತ್ತಿ ಬಂದದ್ದು. ಬಂದ ವಾದ್ಯ ನಮ್ಮದಾದದ್ದು ಹೇಗೆ? ಒಬ್ಬರು ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟದ್ದರಿಂದ. ಇವತ್ತು ಆ ಪಾಠದ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನ ವಿಷಯ ಒಂದು ಮಾತು. ನಾನು ತಾಳವಾಡಿ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಹುಡುಗನಾಗಿದ್ದಾಗ ಪಿಟೀಲು ಕಲಿಯುವ ಆಸೆ ಬಲವಾಗಿತ್ತು. ಬಸ್ಸಿನ ದಾರಿಯಲ್ಲೇ ಒಬ್ಬ ಮೇಷ್ಟ್ರೂ ಇದ್ದರು, ತಮಿಳಿನವರು. ಮನೆಯಲ್ಲಿ ಹಿರಿಯರು, "ಅವರ ಮಾತು ನಿನಗೆ ಬಾರದು, ನಿನ್ನ ಮಾತು ಅವರಿಗೆ ಬಾರದು, ಪಾಠ ಹೇಗೆ ನಡೆದೀತು?" ಎಂದರು. ನನಗೂ ಅದು ಸರಿ ಎನ್ನಿಸಿತು. ನಾನು ಹೋಗಲಿಲ್ಲ. ಅದು ಸರಿಯಲ್ಲ ಎಂದು ತಿಳಿಯುವ ಹೊತ್ತಿಗೆ ಕೂದಲು ನರೆತಿತ್ತು.

ಈಗ ಕಥೆಗೆ ಬನ್ನಿ. ಹದಿನೆಂಟನೆಯ ಶತಮಾನ ಮುಗಿಯುತ್ತಿದ್ದ ಕಾಲ. ಮದರಾಸಿನ ಬಳಿಯ ಮಣಲಿಯಲ್ಲಿ ಮೊದಲಿಯಾರ್ ಮನೆತನದ ಆಶ್ರಯದಲ್ಲಿ ದೀಕ್ಷಿತರ ಕುಟುಂಬ ನೆಲೆಸಿತ್ತು. ಮುತ್ತುಸ್ವಾಮಿ ದೀಕ್ಷಿತರ ಹೆಸರು ನೀವು ಕೇಳಿದ್ದೀರಿ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಹುಟ್ಟಿದ್ದು 1786ರಲ್ಲಿ. ಸೇಂಟ್ ಜಾರ್ಜ್ ಕೋಟೆಯಲ್ಲಿ ಇಂಗ್ಲಿಷರ ಬ್ಯಾಂಡು ನುಡಿಯುತ್ತಿತ್ತು. ಅದನ್ನು ಕೇಳಿ ಬಾಲುಸ್ವಾಮಿಯವರಿಗೆ ಪಿಟೀಲಿನ ಮೇಲೆ ಮನಸ್ಸಾಯಿತು. ಮೊದಲಿಯಾರರು ಒಬ್ಬ ಯುರೋಪಿಯನ್ ವಾದಕನನ್ನು ಗೊತ್ತುಮಾಡಿ ಪಾಠ ಹೇಳಿಸಿದರು. ಮೂರು ವರ್ಷ ಆ ಪಾಠ ನಡೆಯಿತೆಂದು ಹೇಳುತ್ತಾರೆ. ಗುರುವಿನ ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ಆದರೂ ಪಾಠ ನಡೆಯಿತು. ಶಿಷ್ಯನು ಆ ವಾದ್ಯದ ಮೇಲೆ ನಮ್ಮ ರಾಗಗಳನ್ನು ನುಡಿಸಿದನು. ಮುಂದೆ ಬಾಲುಸ್ವಾಮಿಯವರು ಎಟ್ಟಯಪುರದ ಆಸ್ಥಾನ ವಿದ್ವಾಂಸರಾದರು.

ತಂಜಾವೂರಿನ ವಡಿವೇಲು ಎಂಬವರು ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರು. ಅವರು ಪಿಟೀಲು ಹಿಡಿದು ತಿರುವಾಂಕೂರಿಗೆ ಹೋದರು. ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲನ್ನೇ ಬಹುಮಾನವಾಗಿ ಕೊಟ್ಟರು. ನೋಡಿ, ಒಂದು ತಲೆಮಾರಿನೊಳಗೆ ವಾದ್ಯ ತಮಿಳು ಸೀಮೆಯಿಂದ ಮಲಯಾಳ ಸೀಮೆಗೆ ದಾಟಿತು.

ಕನ್ನಡ ನಾಡಿನಲ್ಲಿ ಏನಾಯಿತು? ನಮ್ಮ ತಾಳವಾಡಿಗೆ ದೂರವಲ್ಲದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು. ಹಾಡುಗಾರರೊಬ್ಬರು ಹುಡುಗನನ್ನು ತಿದ್ದಿ ತೀಡಿ ಪಿಟೀಲು ವಿದ್ವಾಂಸನನ್ನಾಗಿ ಮಾಡಿದರು. ಆಗ ಮೈಕು ಇಲ್ಲದ ಕಾಲ. ಹಿಂದೆ ಕುಳಿತವರಿಗೂ ಕೇಳಿಸಬೇಕೆಂದು ಚೌಡಯ್ಯನವರು 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು.

ಆಂಧ್ರದ ಗಡಿಯ ಕೇಳುಗರು ಹೆಮ್ಮೆಪಡುವ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1893ರಲ್ಲಿ. ಬೆಳೆದದ್ದು ವಿಶಾಖಪಟ್ಟಣದಲ್ಲಿ. ಕಣ್ಣಿನ ದೃಷ್ಟಿ ಮಂದವಾಗಿದ್ದ ಅವರಿಗೆ ಮನೆಯಲ್ಲೇ ಅಣ್ಣ ಪಾಠ ಹೇಳಿಕೊಟ್ಟರು. 1919ರಲ್ಲಿ ಅವರು ವಿಜಯನಗರಂನ ಸಂಗೀತ ಕಾಲೇಜಿನಲ್ಲಿ ಪಿಟೀಲು ಅಧ್ಯಾಪಕರಾದರು, 1936ರಲ್ಲಿ ಅದರ ಪ್ರಿನ್ಸಿಪಾಲರಾದರು.

ಗೋವೆಯಲ್ಲಿ ಪಾಠ ನಡೆದದ್ದು ಇಗರ್ಜಿಯ ಶಾಲೆಗಳಲ್ಲಿ. ಅಲ್ಲಿನ ಮಜೋರ್ಡಾ ಊರಿನ ಅಂತೋನಿ ಗೊನ್ಸಾಲ್ವಿಸ್ ಅವರ ತಂದೆ ಇಗರ್ಜಿಯ ಸಂಗೀತ ಗುರು. ಮಗ ಮುಂಬಯಿಗೆ ಹೋಗಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸಿದರು, ಶಿಷ್ಯರಿಗೆ ಪಾಠವನ್ನೂ ಹೇಳಿದರು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ಶಿಷ್ಯ. 1977ರ 'ಅಮರ್ ಅಕ್ಬರ್ ಅಂತೋನಿ' ಚಿತ್ರದಲ್ಲಿ ಆ ಗುರುವಿನ ಹೆಸರು ಹಾಡಾಗಿ ಊರೂರು ಸುತ್ತಿತು. ಗುರುದಕ್ಷಿಣೆ ಎಂದರೆ ಅದು.

ಇಷ್ಟಕ್ಕೂ ಈ ವಾದ್ಯಕ್ಕೆ ಎದುರು ಕುಳಿತ ಗುರುವೇ ಏಕೆ ಬೇಕು? ವೀಣೆಗೆ ಮೆಟ್ಟಿಲುಗಳಿವೆ, ಬೆರಳು ಎಲ್ಲಿಡಬೇಕೆಂದು ಅವು ತೋರಿಸುತ್ತವೆ. ಪಿಟೀಲಿಗೆ ಮೆಟ್ಟಿಲಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಕಲಿಯುವವನ ಕಿವಿ ಪಕ್ವವಾಗುವ ತನಕ ಗುರುವಿನ ಕಿವಿಯೇ ಅವನಿಗೆ ಮೆಟ್ಟಿಲು. ಪಾಶ್ಚಾತ್ಯರು ನಿಂತೋ ಕುರ್ಚಿಯ ಮೇಲೆ ಕುಳಿತೋ ವಾದ್ಯವನ್ನು ಗದ್ದಕ್ಕೆ ಒತ್ತಿ ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು, ಅದರ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು, ತಂತಿಗಳನ್ನು ಸ ಪ ಸ ಪ ಎಂದು ಶ್ರುತಿ ಮಾಡುತ್ತಾರೆ. ಪಿಟೀಲಿನ ಅಕ್ಕನಂತಿರುವ ವಯೋಲ ಗಾತ್ರದಲ್ಲಿ ತುಸು ದೊಡ್ಡದು, ದನಿಯಲ್ಲಿ ತಗ್ಗು. ಡಾಕ್ಟರ್ ಬಾಲಮುರಳಿಕೃಷ್ಣ ಅವರು ಹಾಡುಗಾರರಾಗಿದ್ದೂ ವಯೋಲ ನುಡಿಸುತ್ತಿದ್ದರು. ಚಿಕ್ಕ ಮಕ್ಕಳ ಕೈಗೆ ಒಪ್ಪುವಂತೆ ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳೂ ದೊರೆಯುತ್ತವೆ.

ನಿವೃತ್ತನಾದ ಮೇಲೆ ನಾನು ಒಂಬತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಒಬ್ಬ ಮೇಷ್ಟ್ರ ಮನೆಗೆ ಹೋದೆ. ಇವರೂ ತಮಿಳಿನವರೇ. ಅವಳಿಗೆ ಅರ್ಧ ಅಳತೆಯದು, ನನಗೆ ಪೂರ್ತಿ ಅಳತೆಯದು. ಇಬ್ಬರಿಗೂ ಪಾಠ ಒಂದೇ, ಮಾಯಾಮಾಳವಗೌಳದಲ್ಲಿ ಸರಳಿ ವರಸೆ. ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರೆಂದು ದಕ್ಷಿಣದ ಸಂಗೀತಗಾರರು ಹೇಳುತ್ತಾ ಬಂದಿದ್ದಾರೆ. ಮೇಷ್ಟ್ರು ತಮಿಳಿನಲ್ಲಿ ಬೈಯುತ್ತಾರೆ, ನಾವು ಕನ್ನಡದಲ್ಲಿ ನಗುತ್ತೇವೆ. ಆದರೆ ಸರಿಗಮ ಎನ್ನುವಾಗ ಮೂವರದೂ ಒಂದೇ ಮಾತು. ಮೊದಲ ವಾರ ನನ್ನ ಬಿಲ್ಲಿನ ಕೆಳಗೆ ಬಾಗಿಲು ಕಿರುಗುಟ್ಟಿದಂತೆ ಸದ್ದು ಬಂತು. ಆರು ತಿಂಗಳಾದ ಮೇಲೆ ಒಂದು ದಿನ ಷಡ್ಜ ನಿಂತಿತು. ಮೊಮ್ಮಗಳಿಗೆ ಅದು ಎರಡನೆಯ ತಿಂಗಳಲ್ಲೇ ನಿಂತಿತ್ತು. ನನ್ನ ಬೆರಳುಗಳು ನೋಟು ಎಣಿಸಿ ಎಣಿಸಿ ಗಡುಸಾಗಿವೆ, ಕಚೇರಿ ಮಾಡುವ ಮಟ್ಟಕ್ಕೆ ನಾನು ಹೋಗಲಾರೆ. ಹದಿನೈದಕ್ಕೆ ಹೋಗಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಬಂಧುಗಳೇ, ನಮ್ಮ ಗಡಿ ಊರುಗಳಲ್ಲಿ ಕನ್ನಡ ಬಲ್ಲ ಗುರು ಎಲ್ಲೆಡೆ ಸಿಗಲಿಕ್ಕಿಲ್ಲ. ಮಗು ಆಸೆಪಟ್ಟರೆ ಪಕ್ಕದೂರಿನ ಮಲಯಾಳಿ, ತೆಲುಗು, ಮರಾಠಿ, ಕೊಂಕಣಿ ಮೇಷ್ಟ್ರ ಬಳಿಗೇ ಕಳುಹಿಸಿ. ನಿಮಗೆ ವಿದ್ಯೆ ಗೊತ್ತಿದ್ದು ಬೇರೆ ಭಾಷೆಯ ಮಗು ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ಮಾತು ಬಾರದೆ ಪಾಠ ಹೇಗೆ ಎಂದು ಯಾರಾದರೂ ಕೇಳಿದರೆ ಮಣಲಿಯ ಆ ಮೂರು ವರ್ಷದ ಪಾಠವನ್ನು ನೆನಪು ಮಾಡಿಕೊಡಿ. ನನ್ನನ್ನು ಆಗ ಯಾರೂ ಹಾಗೆ ಕಳುಹಿಸಲಿಲ್ಲ. ನೀವು ಕಳುಹಿಸಿ.